ಇಬ್ಬರು ಅತ್ತೆಯರು, ಒಂದು ಸೇರು ಬೇಳೆ

ನಿನ್ನೆ ಸಂಜೆ ಒಂಬತ್ತನೇ ಕ್ಲಾಸಿನ ಕಿರುಪರೀಕ್ಷೆಯ ಪತ್ರಿಕೆಗಳನ್ನು ತಿದ್ದುತ್ತ ಕೂತಿದ್ದೆ. ಬೀಜಗಣಿತದ ಪ್ರಶ್ನೆ ಒಂದಿತ್ತು. ಎ ಎಂಬುವನು ಒಂದು ಕೆಲಸವನ್ನು ಇಪ್ಪತ್ತು ದಿನಗಳಲ್ಲಿ ಮುಗಿಸುತ್ತಾನೆ, ಬಿ ಎಂಬುವನು ಅದೇ ಕೆಲಸವನ್ನು ಮೂವತ್ತು ದಿನಗಳಲ್ಲಿ. ಇಬ್ಬರೂ ಸೇರಿದರೆ ಎಷ್ಟು ದಿನ? ಹೆಚ್ಚಿನವರು ಹನ್ನೆರಡು ಎಂದು ಬರೆದಿದ್ದರು. ಕೆಲವರು ಪಕ್ಕದವರ ಪತ್ರಿಕೆ ನೋಡಿ ಹನ್ನೆರಡು ಎಂದು ಬರೆದಿದ್ದರು. ಒಬ್ಬಳು ಹುಡುಗಿ ಮಾತ್ರ ಯಾರ ಹಂಗೂ ಇಲ್ಲದೆ ಇಪ್ಪತ್ತು, ಮೂವತ್ತು ಕೂಡಿ ಐವತ್ತು ಮಾಡಿ, ಎರಡರಿಂದ ಭಾಗಿಸಿ, ಇಪ್ಪತ್ತೈದು ದಿನ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ಉತ್ತರದ ಕೆಳಗೆ ಎರಡು ಗೆರೆ ಎಳೆಯುವವರಿಗೆ ಅನುಮಾನ ಎನ್ನುವುದು ಇರುವುದಿಲ್ಲ. ನನಗೂ ಇರಲಿಲ್ಲ.

ಕೆಂಪು ಪೆನ್ನು ಹಿಡಿದ ಕೈ ಹಾಗೇ ನಿಂತಿತು. ಈ ತಪ್ಪು ನನಗೆ ಬರೀ ಮುಖಪರಿಚಯದ್ದಲ್ಲ, ನಮ್ಮ ಮನೆಯಲ್ಲಿ ಉಂಡು ಹೋಗಿರುವ ತಪ್ಪು. ಒಂದು ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದು, ಬಿಸಿ ಮುದ್ದೆಯ ಮುಂದೆ ಕೂತು, ಅಕ್ಕತಂಗಿಯರಿಬ್ಬರ ಮಾತು ಬಿಡಿಸಿ ಎದ್ದು ಹೋಯಿತು. ಕೈಹಿಡಿದು ಒಳಗೆ ಕರೆತಂದವಳು ನಾನೇ.

ಈ ಎ ಮತ್ತು ಬಿ ಎಂಬುವರ ಬಗ್ಗೆ ನಿಮಗೆ ಏನನ್ನಿಸುತ್ತದೋ ನಾನರಿಯೆ. ಇಷ್ಟು ವರ್ಷ ಪಾಠ ಮಾಡಿಯೂ ನನಗೆ ಅವರ ಮೇಲಿನ ಕುತೂಹಲ ಹೋಗಿಲ್ಲ. ಇವರಿಗೆ ಊರಿಲ್ಲ, ತಲೆನೋವಿಲ್ಲ, ಎಲೆಅಡಿಕೆಗೆ ಎದ್ದುಹೋಗುವ ಚಟವಿಲ್ಲ. ಮೊದಲ ದಿನ ಎಷ್ಟು ಅಗೆದರೋ ಇಪ್ಪತ್ತನೆಯ ದಿನವೂ ಅಷ್ಟೇ ಅಗೆಯುತ್ತಾರೆ. ಆದರೆ ಕೆಲವು ಲೆಕ್ಕಗಳಲ್ಲಿ ‘ನಾಲ್ಕು ದಿನಗಳ ನಂತರ ಬಿ ಕೆಲಸ ಬಿಟ್ಟು ಹೋದನು’ ಎಂದು ಬರುತ್ತದೆ ನೋಡಿ, ಅಲ್ಲಿ ನನ್ನ ಕಿವಿ ನೆಟ್ಟಗಾಗುತ್ತದೆ. ಯಾಕೆ ಹೋದ? ಪುಸ್ತಕ ಹೇಳುವುದಿಲ್ಲ. ಉಳಿದ ಕೆಲಸಕ್ಕೆ ಎಷ್ಟು ದಿನ ಎಂದು ಕೇಳುತ್ತದೆಯೇ ಹೊರತು, ಹೋದವನನ್ನು ಯಾರಾದರೂ ಕರೆಯಲು ಹೋದರೇ ಎಂದು ಕೇಳುವುದಿಲ್ಲ. ಬಿ ಯಾಕೆ ಹೋದ ಎಂದು ನನಗೆ ಗೊತ್ತು. ಯಾರೋ ನನ್ನಂಥವಳು ಅವನ ಲೆಕ್ಕ ಮಾಡಿರಬೇಕು.

ನಮ್ಮದು ಹಳ್ಳಿಮೈಸೂರಿನ ಹತ್ತಿರದ ಬೇಸಾಯದ ಮನೆ. ಅಪ್ಪನಿಗೆ ಇಬ್ಬರು ತಂಗಿಯರು, ಆ ತಂಗಿಯರ ಬೆನ್ನಿಗೆ ಒಬ್ಬ ತಮ್ಮ. ದೊಡ್ಡ ತಂಗಿಯನ್ನು ಅರಕಲಗೂಡು ತಾಲ್ಲೂಕಿನ ಕೊಣನೂರಿಗೆ ಕೊಟ್ಟಿದ್ದರಿಂದ ಕೊಣನೂರತ್ತೆ. ಸಣ್ಣವಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದರಿಂದ ಪಟ್ಟಣದತ್ತೆ. ತಮ್ಮ ನಮ್ಮ ಚಿಕ್ಕಪ್ಪ, ಮನೆಯಲ್ಲೇ ಇದ್ದವನು, ಊಟದ ವಿಷಯ ಬಿಟ್ಟು ಬೇರೆ ಯಾವುದರಲ್ಲೂ ಹಟವಿಲ್ಲದ ಮನುಷ್ಯ. ಇವರೆಲ್ಲರನ್ನೂ ಹೆತ್ತ ಅಜ್ಜಿ ಮನೆಯ ಯಜಮಾನತಿ. ನನ್ನ ಬಾಯಲ್ಲಿ ಇವತ್ತಿಗೂ ಒಂದೆರಡು ಒಳ್ಳೆಯ ಮಾತು ಬಂದರೆ ಅದು ಅವಳ ಬಾಯಿಂದ ಕದ್ದದ್ದು.

ಅವರೆಕಾಯಿ ಕಾಲ ಬಂತೆಂದರೆ ಇಬ್ಬರು ಅತ್ತೆಯರೂ ತವರಿಗೆ ಬಂದುಬಿಡುತ್ತಿದ್ದರು. ಗೌರಿಹಬ್ಬಕ್ಕೆ ಕರೆಯಬೇಕು, ಅವರೆಗೆ ಕರೆಯಬೇಕಾಗಿಲ್ಲ. ಇಬ್ಬನಿ ಬಿದ್ದ ಸೊಗಡಿನ ಕಾಯಿಯ ವಾಸನೆ ಕೊಣನೂರಿಗೂ ಪಟ್ಟಣಕ್ಕೂ ಹೇಗೆ ಮುಟ್ಟುತ್ತಿತ್ತೋ. ಬಂದವರು ಕಾಯಿ ಸುಲಿದು, ಕಾಳನ್ನು ನೀರಲ್ಲಿ ನೆನೆಹಾಕಿ, ಮಾರನೆಯ ಬೆಳಗ್ಗೆ ಜಗಲಿಯ ಬಿಸಿಲಿನಲ್ಲಿ ಕೂತು ಹಿತುಕುತ್ತಿದ್ದರು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರೆ ಒಳಗಿನ ಬೇಳೆ ಟಪ್ಪೆಂದು ಬೋಗುಣಿಗೆ ನೆಗೆಯುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಇಷ್ಟೇ ವಿದ್ಯೆ. ಆದರೆ ಒಂದು ಸೇರು ಬೇಳೆ ಆಗಬೇಕಾದರೆ ಎಷ್ಟು ಸಾವಿರ ಸಲ ಒತ್ತಬೇಕೋ! ಅಂಥ ಹಿತಕಿದ ಬೇಳೆ ಸಾರಿಗಾಗಿ ನಮ್ಮ ಚಿಕ್ಕಪ್ಪ ಏನು ಬೇಕಾದರೂ ಬಿಟ್ಟುಕೊಡುತ್ತಿದ್ದ, ಹಿತುಕಲು ಕೂರುವುದೊಂದನ್ನು ಬಿಟ್ಟು.

ನಾನಾಗ ಒಂಬತ್ತನೇ ಕ್ಲಾಸು. ಹೊಳೆನರಸೀಪುರದಿಂದ ಬರುತ್ತಿದ್ದ ಗಣಿತದ ಮೇಷ್ಟ್ರು ಎ ಬಿ ಲೆಕ್ಕಗಳನ್ನು ಆಗಷ್ಟೇ ಶುರುಮಾಡಿದ್ದರು. ಶುರುಮಾಡಿದ ದಿನವೇ, ಪುಸ್ತಕದ ಲೆಕ್ಕ ಬೇಡ, ನಿಮ್ಮ ನಿಮ್ಮ ಮನೆಯಲ್ಲಿ ನಡೆಯುವ ಕೆಲಸ ನೋಡಿ ಒಂದೊಂದು ಲೆಕ್ಕ ಕಟ್ಟಿಕೊಂಡು ಬನ್ನಿ, ಬಿಡಿಸಿಯೂ ತನ್ನಿ ಎಂದರು. ಒಬ್ಬಳು ತನ್ನ ಅಕ್ಕಂದಿರು ಹೊಗೆಸೊಪ್ಪು ಕಡ್ಡಿಗೆ ಕಟ್ಟುವ ಲೆಕ್ಕ ಮಾಡಿದಳು. ಇನ್ನೊಬ್ಬ, ತನ್ನ ಅಪ್ಪ ಮತ್ತು ಮಾವ ಒಂದು ಹೆಡಿಗೆ ಮುದ್ದೆ ಖಾಲಿ ಮಾಡುವ ಲೆಕ್ಕ ತಂದಿದ್ದ. ಅದೂ ಕೆಲಸವೇ ಸಾ ಎಂದು ವಾದಿಸಿದ. ನಾನು ನನ್ನ ಅತ್ತೆಯರನ್ನು ಹಿಡಿದೆ.

ಅಪ್ಪನ ಕೈಗಡಿಯಾರವನ್ನು ಕಾಡಿಬೇಡಿ ಇಸಿದುಕೊಂಡು ಜಗಲಿಯ ಕಂಬಕ್ಕೆ ಒರಗಿ ಕೂತೆ. ಸರಿಯಾಗಿ ಒಂದು ಗಂಟೆ. ಇಬ್ಬರಿಗೂ ಬೇರೆಬೇರೆ ಬೋಗುಣಿ. ನಾನು ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ, ಯಾಕೆಂದರೆ ವಿಜ್ಞಾನ ಎಂದರೆ ಹಾಗೇ ಎಂದುಕೊಂಡಿದ್ದೆ. ಗಂಟೆಯಾದ ಮೇಲೆ ಅಜ್ಜಿ ತನ್ನ ಹಿತ್ತಾಳೆ ಪಾವು ತಂದು ಅಳೆದಳು. ಸೇರಿಗೆ ನಾಲ್ಕು ಪಾವು. ಕೊಣನೂರತ್ತೆಯದು ಆರು ಪಾವು, ಪಟ್ಟಣದತ್ತೆಯದು ನಾಲ್ಕು. ಅಂದರೆ ದೊಡ್ಡತ್ತೆಗೆ ಒಂದು ಸೇರು ಹಿತುಕಲು ನಲವತ್ತು ನಿಮಿಷ, ಸಣ್ಣತ್ತೆಗೆ ಅರವತ್ತು. ಇಲ್ಲಿಯವರೆಗೆ ನನ್ನದೇನೂ ತಪ್ಪಿರಲಿಲ್ಲ ಎಂದು ನಾನು ಮೊನ್ನೆಮೊನ್ನೆಯವರೆಗೂ ನಂಬಿದ್ದೆ. ಅದು ಆಮೇಲೆ ಹೇಳುತ್ತೇನೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ, ಮುದ್ದೆಯ ಗುಳಿಗೆ ಬೇಳೆ ಸಾರು ಬೀಳುವ ಹೊತ್ತಿಗೆ, ನಾನು ನೋಟ್‌ಬುಕ್ ತಂದು ನಿಂತುಕೊಂಡು ಓದಿದೆ. ನನ್ನ ಅತ್ತೆಯರಲ್ಲಿ ಒಬ್ಬರು ಒಂದು ಸೇರನ್ನು ನಲವತ್ತು ನಿಮಿಷಗಳಲ್ಲಿಯೂ ಇನ್ನೊಬ್ಬರು ಅರವತ್ತು ನಿಮಿಷಗಳಲ್ಲಿಯೂ ಹಿತುಕಿದರೆ, ಇಬ್ಬರೂ ಸೇರಿ ಒಂದು ಸೇರು ಹಿತುಕಲು ಬೇಕಾಗುವ ಕಾಲ ಎಷ್ಟು? ನಲವತ್ತು ಕೂಡಿಸು ಅರವತ್ತು ನೂರು. ಇಬ್ಬರಾದ್ದರಿಂದ ಎರಡರಿಂದ ಭಾಗಿಸಿದರೆ ಐವತ್ತು. ಉತ್ತರ, ಐವತ್ತು ನಿಮಿಷ. ಎರಡು ಗೆರೆ ಎಳೆದಿದ್ದೇನೆ ಎಂಬುದನ್ನೂ ತೋರಿಸಿದೆ.

ಯಾರೂ ಏನೂ ಅನ್ನುತ್ತಿರಲಿಲ್ಲವೇನೋ. ನಮ್ಮ ಮನೆಯಲ್ಲಿ ಲೆಕ್ಕವನ್ನು ಕಿವಿಗೊಟ್ಟು ಕೇಳುವ ಪದ್ಧತಿ ಇರಲಿಲ್ಲ. ಆದರೆ ಪಟ್ಟಣದತ್ತೆ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಮುದ್ದೆ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಿದಳು.

“ಅವ್ಳೊಬ್ಳೇ ಕೂತ್ರೆ ನಲ್ವತ್ತು. ನಾನೂ ಜೊತೆಗೆ ಕೂತ್ರೆ ಐವತ್ತು. ಅಂಗಂದ್ರೆ ನಾನು ಕೂತು ಕೆಲ್ಸ ಕೆಡುಸ್ದೆ ಅಂತಾಯ್ತು. ಅಲ್ವೇನಮ್ಮಿ?”

ನಾನು ನೋಟ್‌ಬುಕ್ ನೋಡಿದೆ. ಅಲ್ಲಿ ಹಾಗೇ ಇತ್ತು. ಹೌದು ಅತ್ತೆ ಎಂದೆ. ಬರೆದದ್ದನ್ನು ಅಲ್ಲಗಳೆಯಬಾರದು ಎಂದು ನನಗೆ ಯಾರೋ ಕಲಿಸಿದ್ದರು.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಚಿಕ್ಕಪ್ಪ ಸಾರು ಸುರಿಯುತ್ತಲೇ, “ಅಂಗಾದ್ರೆ ನಾಳೆಯಿಂದ ಸಣ್ಣಕ್ಕ ವಸಿ ದೂರ ಕೂತ್ಕಳ್ಲಿ ಕಣವ್ವ, ಹತ್ ನಿಮ್ಷ ಬ್ಯಾಗ ಉಣ್ಬೋದು” ಎಂದ. ಕೊಣನೂರತ್ತೆ ನಕ್ಕಳು. ಅವಳ ನಗುವೂ ಅವಳ ಹಾಗೇ ದೊಡ್ಡದು, ಹಿತ್ತಿಲಿಗೆ ಕೇಳಿಸುವಂಥದ್ದು. ನಕ್ಕು, “ಲೆಕ್ಕದಲ್ಲೇ ಅದೆಯಲ್ಲ, ನಾನೇನ್ ಮಾಡ್ಲಿ” ಎಂದಳು.

ಪಟ್ಟಣದತ್ತೆ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡಳು. ಕೋಪ ಬಂದಾಗ ಅನ್ನ ಬಿಡುವವರು ನಮ್ಮ ಕಡೆ ಇಲ್ಲ. ಉಂಡು, ಕೈತೊಳೆದು, ಎರಡು ಸೀರೆ ಮಡಿಸಿ ಚೀಲಕ್ಕಿಟ್ಟು, ಮೂರು ಗಂಟೆಯ ಬಸ್ಸಿಗೆ ಹೊರಟುಬಿಟ್ಟಳು. ಅಜ್ಜಿ ತಡೆದಳು, ಅಪ್ಪ ತಡೆದ. ಕೊಣನೂರತ್ತೆ ಮಾತ್ರ ತಡೆಯಲಿಲ್ಲ. ತಲೆಬಾಗಿಲ ಹತ್ತಿರ ಬಂದವಳು ಏನೋ ಹೇಳುವ ಹಾಗೆ ಬಾಯಿ ತೆರೆದು, ಸುಮ್ಮನೆ ಮುಚ್ಚಿಕೊಂಡಳು. ಅದು ಗರ್ವ ಎಂದು ನಾನು ತಿಳಿದೆ. ಮಾರನೆಯ ದಿನ ಅವಳೂ ಕೊಣನೂರಿಗೆ ಹೊರಟುಹೋದಳು. ನಾಲ್ಕು ದಿನಗಳ ನಂತರ ಬಿ ಕೆಲಸ ಬಿಟ್ಟು ಹೋದನು ಎಂದರೆ ನನಗೆ ಕಾಣಿಸುವುದು ಆ ಮೂರು ಗಂಟೆಯ ಬಸ್ಸು.

ಆ ಸಂಜೆಯೇ ಅಜ್ಜಿ ತೀರ್ಪು ಕೊಟ್ಟಿದ್ದಳು. “ಇಬ್ರೂ ಒಂದ್ಕಡೆ ಕೂತು ಇತ್ಕೋ ಗಂಟ ಈ ಮನೇಲಿ ಇತ್ಕಿದ್ ಬೇಳೆ ಇಲ್ಲ.”

ಇದು ಸಣ್ಣ ತೀರ್ಪಲ್ಲ. ಹೊಲದಲ್ಲಿ ಅವರೆ ತುಂಬಿ ನಿಂತಿದೆ, ಸಂಕ್ರಾಂತಿ ದಾಟಿದರೆ ಕಾಳು ಬಲಿತು ಹಿತುಕಲು ಬರುವುದಿಲ್ಲ, ಆಮೇಲೆ ಮುಂದಿನ ವರ್ಷವೇ ಗತಿ. ಆ ದಿನದಿಂದ ನಮ್ಮ ಮನೆಯಲ್ಲಿ ಸಿಪ್ಪೆ ಸಮೇತ ಬೇಯಿಸಿದ ಅವರೆಕಾಳಿನ ಸಾರು ಶುರುವಾಯಿತು. ಚಿಕ್ಕಪ್ಪ ಒಂದೊಂದೇ ಕಾಳನ್ನು ಬಾಯಲ್ಲಿ ಹಿತುಕಿ ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ, ಊಟ ಮುಗಿದ ಮೇಲೆ ತಟ್ಟೆಯನ್ನು ನನ್ನ ಮುಂದೆ ತಂದು ತೋರಿಸಿ, ಆಮೇಲೆ ತೊಳೆಯಲು ಹಾಕುತ್ತಿದ್ದ. ಅತ್ತೆ ದೂರ ಕೂರಲಿ ಎಂದವನು ಅವನೇ ಎಂಬುದನ್ನು ಮನೆ ಮರೆತಿತ್ತು. ಲೆಕ್ಕ ಮಾಡಿದವಳನ್ನು ಮಾತ್ರ ಮರೆಯಲಿಲ್ಲ. ಅಜ್ಜಿ ಸಂಜೆ ಹೊತ್ತು ಜಗಲಿಗೆ ಬಂದು, ಹೆಣ್ಣುಮಕ್ಕಳು ಕೂರುತ್ತಿದ್ದ ಜಾಗ ಗುಡಿಸಿ, ಸುಮ್ಮನೆ ಒಳಗೆ ಹೋಗುತ್ತಿದ್ದಳು. ಅದನ್ನು ನೋಡುವುದಕ್ಕಿಂತ ಚಿಕ್ಕಪ್ಪನ ತಟ್ಟೆ ನೋಡುವುದೇ ವಾಸಿ ಎನ್ನಿಸುತ್ತಿತ್ತು.

ವಾರ ಕಳೆದ ಮೇಲೆ ಮೇಷ್ಟ್ರು ನೋಟ್‌ಬುಕ್‌ಗಳನ್ನು ನೋಡಿ ವಾಪಸು ಕೊಟ್ಟರು. ನನ್ನದನ್ನು ಕೊಡಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಕನ್ನಡಕದ ಮೇಲಿಂದ ನೋಡಿದರು.

“ಏನೇ ಹುಡುಗಿ, ನಿಮ್ಮ ಸಣ್ಣತ್ತೆ ಪಕ್ಕದಲ್ಲಿ ಬಂದು ಕೂತರೆ ದೊಡ್ಡತ್ತೆಯ ಕೈ ಕಟ್ಟಿಹಾಕುತ್ತಾರೇನು?”

ಕ್ಲಾಸು ನಕ್ಕಿತು. ಇಲ್ಲ ಸಾರ್ ಎಂದೆ.

“ಹಾಗಾದರೆ ಅವರು ಹಿತುಕಿದ ಬೇಳೆಯನ್ನ ಇವರು ಒಂದೊಂದಾಗಿ ತಿರುಗಿ ಸಿಪ್ಪೆಗೆ ತುಂಬ್ತಾ ಇರಬೇಕು. ಇಲ್ಲದಿದ್ದರೆ ಹತ್ತು ನಿಮಿಷ ಹೆಚ್ಚಾಗೋದು ಹೇಗೆ?”

ಮುದ್ದೆಯ ಲೆಕ್ಕದವನಂತೂ ಬೆಂಚಿನ ಮೇಲೆ ತಲೆಯಿಟ್ಟು ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಪಟ್ಟಣದತ್ತೆ ಊಟದ ತಟ್ಟೆಯ ಮುಂದೆ ಕೇಳಿದ್ದೂ ಇದೇ ಪ್ರಶ್ನೆಯಲ್ಲವೇ? ನಾಲ್ಕನೇ ಕ್ಲಾಸು ಓದಿದವಳಿಗೆ ಲೆಕ್ಕ ಎಲ್ಲಿ ತಪ್ಪಿದೆ ಎಂದು ಹೊಳೆದಿತ್ತು. ನಾನು ಹೌದು ಅತ್ತೆ ಎಂದುಬಿಟ್ಟಿದ್ದೆ.

ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. “ಹೊತ್ತನ್ನ ಕೂಡಬೇಡ. ಹೊತ್ತು ಕೂಡೋದಿಲ್ಲ, ಕೆಲಸ ಕೂಡುತ್ತೆ” ಎಂದರು. ಒಂದು ನಿಮಿಷಕ್ಕೆ ದೊಡ್ಡತ್ತೆಯ ಕೆಲಸ ಸೇರಿನಲ್ಲಿ ನಲವತ್ತನೆಯ ಒಂದು ಪಾಲು, ಸಣ್ಣತ್ತೆಯದು ಅರವತ್ತನೆಯ ಒಂದು ಪಾಲು. ಎರಡನ್ನೂ ಕೂಡಿದರೆ ಇಪ್ಪತ್ತನಾಲ್ಕನೆಯ ಒಂದು ಪಾಲು. ಇಬ್ಬರಿಗೂ ಸೇರಿ ಬೇಕಾದ ಕಾಲ ಎಕ್ಸ್ ಆದರೆ, ಎಕ್ಸ್ ಎಂದರೆ ಇಪ್ಪತ್ತನಾಲ್ಕು ನಿಮಿಷ. ಬೇಕಾದರೆ ಹೀಗೂ ನೋಡು ಎಂದರು. ಗಂಟೆಗೆ ಆರು ಪಾವು, ನಾಲ್ಕು ಪಾವು, ಒಟ್ಟು ಹತ್ತು. ಹತ್ತು ಪಾವಿಗೆ ಅರವತ್ತು ನಿಮಿಷವಾದರೆ ಒಂದು ಸೇರಿನ ನಾಲ್ಕು ಪಾವಿಗೆ ಇಪ್ಪತ್ತನಾಲ್ಕು. ಎತ್ತ ಕಡೆಯಿಂದ ಬಂದರೂ ಇಪ್ಪತ್ತನಾಲ್ಕೇ. ಎಷ್ಟೇ ನಿಧಾನದವರು ಬಂದು ಕೂತರೂ ಕೆಲಸ ಬೇಗವೇ ಆಗುತ್ತದೆ, ತಡವಾಗುವುದಿಲ್ಲ ಎಂದರು. ಆ ಕೊನೆಯ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದರ ಕೆಳಗೆ ಗೆರೆ ಎಳೆಯಲು ಧೈರ್ಯ ಬರಲಿಲ್ಲ.

ಮನೆಗೆ ಬಂದು ಅಜ್ಜಿಯ ಮುಂದೆ ತಪ್ಪೊಪ್ಪಿಕೊಂಡೆ. ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ ಎಲ್ಲವನ್ನೂ ಕೇಳಿದಳು.

“ಈ ಎಕ್ಸು ಅಂದ್ರೆ ಯಾರಮ್ಮಿ?”

“ಗೊತ್ತಿಲ್ಲದೆ ಇರೋದಕ್ಕೆ ಎಕ್ಸ್ ಅಂತ ಹೆಸರಿಡ್ತಾರಜ್ಜಿ.”

“ಗೊತ್ತಿಲ್ದಿರೋರ್ನ ಕಟ್ಕಂಡು ಗೊತ್ತಿರೋರ ಮಧ್ಯೆ ತಂದಿಕ್ಬುಟ್ಯಲ್ಲೇ” ಎಂದು ಮತ್ತೆ ಕೇರತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, ತಂದಿಟ್ಟವಳು ನೀನು, ತೆಗೆಯುವವಳೂ ನೀನೇ, ಭಾನುವಾರ ಚಿಕ್ಕಪ್ಪನ ಜೊತೆ ಪಟ್ಟಣಕ್ಕೆ ಹೋಗು ಎಂದಳು.

ಹೋದೆವು. ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಮಡಿಲಲ್ಲಿ ಗೋಣಿಚೀಲದ ತುಂಬ ಅವರೆಕಾಯಿ, ಅದರ ಮೇಲೆ ನೋಟ್‌ಬುಕ್ಕು. ಬಸ್ಸಿಗೆಲ್ಲ ಸೊಗಡು ಹರಡಿ, ಮುಂದಿನ ಸೀಟಿನ ಹೆಂಗಸು ತಿರುಗಿ ಯಾವ ಊರಿನ ಕಾಯವ್ವಾ ಎಂದು ಕೇಳಿದಳು. ಚಿಕ್ಕಪ್ಪ ನಿಟ್ಟುಸಿರು ಬಿಟ್ಟು ನಮ್ಮೂರಿಂದೇ, ನಮಗೇ ಇಲ್ಲ ಎಂದ.

ಪಟ್ಟಣದತ್ತೆ ಚಿಕ್ಕಪ್ಪನನ್ನು ನೋಡಿ ಬಾ ಎನ್ನಲಿಲ್ಲ, ನನ್ನನ್ನು ನೋಡಿ ಬಾರದಿರು ಎನ್ನಲಿಲ್ಲ. ಮಣೆ ಹಾಕಿದಳು. ಕೂತು, ನೋಟ್‌ಬುಕ್ ಬಿಡಿಸಿ, ಮೇಷ್ಟ್ರು ಹೇಳಿದ್ದನ್ನೆಲ್ಲ ಅಂದೆ. ಕೈ ಕಟ್ಟಿಹಾಕುವ ಮಾತು, ಸಿಪ್ಪೆಗೆ ತಿರುಗಿ ತುಂಬುವ ಮಾತು, ಯಾವುದನ್ನೂ ಬಿಡಲಿಲ್ಲ. ತಪ್ಪಾಯ್ತು ಅತ್ತೆ ಎಂಬುದನ್ನು ಮಾತ್ರ ನೆಲ ನೋಡಿಕೊಂಡು ಹೇಳಿದೆ. ಅವಳು ಕಾಯಿಯ ಚೀಲಕ್ಕೆ ಕೈಹಾಕಿ ಒಂದು ಕಾಯಿ ಮುರಿದು ಮೂಸಿ ನೋಡಿದಳು.

“ಮೊನ್ನೆ ಐವತ್ತು ಅಂದೆ. ಇವತ್ತು ಇಪ್ಪತ್ನಾಕು ಅಂತೀಯ. ನಾಳೆ ಎಷ್ಟ್ ಅಂದೀಯೋ. ಪುಸ್ತಕದ್ದು ನಂಗ್ಬ್ಯಾಡ ಕಣಮ್ಮಿ, ಜಗಲಿ ಮ್ಯಾಲೆ ತೋರ್ಸು. ಬತ್ತೀನಿ. ಇಪ್ಪತ್ನಾಕು ಆಗ್ನಿಲ್ಲ ಅಂದ್ರೆ ಅದೇ ಬಸ್ಸಿಗೆ ವಾಪಸ್ ಬತ್ತೀನಿ, ಇನ್ ಯಾವತ್ತೂ ಅವರೆಗೆ ಬರಾಕಿಲ್ಲ.”

ಚಿಕ್ಕಪ್ಪ ಕೈಮುಗಿದ. ಸಣ್ಣಕ್ಕ, ನೀನು ಬರದಿದ್ದರೆ ಈ ವರ್ಷ ನನಗೆ ಸಿಪ್ಪೆಯೇ ಗತಿ ಎಂದ. ಅತ್ತೆ ಗೋಡೆಯ ಕಡೆ ತಿರುಗಿಕೊಂಡಳು. ಬೆನ್ನು ಅಲುಗುತ್ತಿತ್ತು. ಅಳುವೋ ನಗುವೋ ಗೊತ್ತಾಗಲಿಲ್ಲ, ಆದರೆ ಕಾಫಿ ಬಂತು.

ಕೊಣನೂರಿಗೆ ಅಜ್ಜಿಯೇ ಹೇಳಿಕಳಿಸಿದಳು. ಸಂಕ್ರಾಂತಿಗೆ ಇನ್ನು ನಾಲ್ಕು ದಿನ ಇದ್ದಾಗ ಇಬ್ಬರೂ ಬಂದರು. ಒಬ್ಬಳು ಹತ್ತು ಗಂಟೆಯ ಬಸ್ಸಿಗೆ, ಒಬ್ಬಳು ಅದಕ್ಕೂ ಹಿಂದಿನದಕ್ಕೆ. ಜಗಲಿಯ ಮೇಲೆ ನಡುವೆ ಒಂದೇ ಬೋಗುಣಿ, ಆಚೆಗೊಬ್ಬಳು, ಈಚೆಗೊಬ್ಬಳು. ಹಾಸನದ ಹತ್ತಿರ ಮೊಸಳೆ ಎಂಬ ಊರಿನ ಜೋಡಿ ಗುಡಿಗಳನ್ನು ನೀವು ನೋಡಿದ್ದೀರಲ್ಲ? ಕೂಗಿದರೆ ಕೇಳಿಸುವಷ್ಟೂ ದೂರವಿಲ್ಲ, ಪಿಸುಗುಟ್ಟಿದರೆ ಸಾಕು, ಕೆತ್ತನೆಯಲ್ಲಿ ಒಂದಕ್ಕೊಂದು ಕಡಿಮೆಯಿಲ್ಲ. ಆದರೂ ಅಷ್ಟು ಕಾಲದಿಂದ ಒಂದು ಇನ್ನೊಂದರ ಕಡೆ ಮುಖ ತಿರುಗಿಸಿಲ್ಲ. ಹಾಗೆ ಕೂತಿದ್ದರು ನಮ್ಮ ಅತ್ತೆಯರು, ಒಳ್ಳೆಯ ಸೀರೆ ಉಟ್ಟುಕೊಂಡು.

ಅಪ್ಪನ ಗಡಿಯಾರ ನನ್ನ ಕೈಯಲ್ಲಿ. ಹೂಂ ಎಂದೆ. ಟಪ್, ಟಪ್, ಟಪ್. ಬೇರೆ ಸದ್ದಿಲ್ಲ. ಅಜ್ಜಿ ಮಡಿಲಲ್ಲಿ ಪಾವು ಇಟ್ಟುಕೊಂಡು ಕಂಬಕ್ಕೆ ಒರಗಿದ್ದಳು. ಚಿಕ್ಕಪ್ಪ ಅಂಗಳದಲ್ಲಿ ಹಸು ನೋಡುವವನಂತೆ ನಿಂತು ಬೋಗುಣಿ ನೋಡುತ್ತಿದ್ದ. ಹತ್ತು ನಿಮಿಷವಾಯಿತು. ಕೊಣನೂರತ್ತೆ ಒಂದು ಸಲ ತಂಗಿಯ ಕೈ ಕಡೆ ನೋಡಿದಳು. ಹೊಸ ಬಳೆ ಇತ್ತು. ಕೇಳಬೇಕೆಂದು ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡು ಇನ್ನಷ್ಟು ಜೋರಾಗಿ ಹಿತುಕಿದಳು. ಬೇಳೆ ಬೋಗುಣಿ ದಾಟಿ ನನ್ನ ಲಂಗಕ್ಕೆ ಬಿತ್ತು. ಹದಿನೈದು. ಇಪ್ಪತ್ತು. ಬೋಗುಣಿಯಲ್ಲಿ ಬೇಳೆ ಏರುವುದು ನನ್ನ ಕಣ್ಣಿಗೆ ತೀರ ನಿಧಾನವಾಗಿ ಕಂಡಿತು. ಮೇಷ್ಟ್ರೇ ತಪ್ಪಿದ್ದರೆ? ಪಟ್ಟಣದತ್ತೆಯ ಚೀಲ ಬಾಗಿಲ ಪಕ್ಕದಲ್ಲೇ ಇತ್ತು, ಬಿಚ್ಚಿರಲಿಲ್ಲ.

ಇಪ್ಪತ್ತನಾಲ್ಕು ಎಂದೆ. ಇಬ್ಬರ ಕೈಯೂ ನಿಂತಿತು.

ಅಜ್ಜಿ ಅಳೆಯತೊಡಗಿದಳು. ಒಂದು ಎನ್ನುವುದಕ್ಕೆ ಬದಲು ಲಾಭ ಎಂದಳು, ಹಿರಿಯರು ಹಾಗೇ ಎಣಿಸುವುದು. ಎರಡು. ಮೂರು. ನಾಲ್ಕನೆಯದಕ್ಕೆ ಬೋಗುಣಿಯ ತಳ ಕಾಣಿಸಿಬಿಟ್ಟಿತ್ತು. ಅಜ್ಜಿ ಇದ್ದಷ್ಟನ್ನೂ ಬಾಚಿ ಪಾವಿಗೆ ತುಂಬಿದಳು. ಕಂಠದವರೆಗೆ ಬಂತು, ಅಂಚು ಸವರಿದಳು.

“ಸರ್ಯಾಗಿ ನಾಕು.”

ನಾನು ಪಕ್ಕದಲ್ಲೇ ಕೂತಿದ್ದೆ. ಅಜ್ಜಿಯ ಹೆಬ್ಬೆರಳು ಪಾವಿನ ಒಳಗಿತ್ತು. ಬರೀ ತುದಿಯಲ್ಲ, ಎರಡನೆಯ ಗೆಣ್ಣಿನವರೆಗೆ. ಅವಳದು ಕೆಲಸ ಮಾಡಿ ದಪ್ಪವಾದ ಬೆರಳು. ಅಜ್ಜಿ ನನ್ನನ್ನು ನೋಡಿದಳು. ಬರೆದದ್ದನ್ನು ಅಲ್ಲಗಳೆಯಬಾರದು ಎಂದುಕೊಂಡಿದ್ದ ಹುಡುಗಿ, ನಾನು, ಬಾಯಿ ಮುಚ್ಚಿಕೊಂಡೆ. ಬೀಜಗಣಿತದಲ್ಲಿ ನಾನು ನಿಜವಾಗಿ ಮುಂದೆ ಬಂದದ್ದು ಆ ಕ್ಷಣದಿಂದ.

ಪಟ್ಟಣದತ್ತೆ ಪಾವನ್ನೇ ನೋಡುತ್ತಿದ್ದಳು. ಬೆರಳು ಅವಳಿಗೆ ಕಂಡಿತೋ ಇಲ್ಲವೋ. ಬಾಗಿ, ಪಾವಿನ ಮೇಲಿಂದ ಏನನ್ನೋ ಎತ್ತಿ ಅಕ್ಕನ ಮುಂದೆ ಹಿಡಿದಳು.

“ಅಕ್ಕಾ, ಸಿಪ್ಪೆ ಬಿಟ್ಟಿದ್ದೀಯ ನೋಡು.”

“ನಿಂದೇ ಇರ್ಬೇಕು ಅದು” ಎಂದಳು ಕೊಣನೂರತ್ತೆ. “ಬಳೆ ಯಾವಾಗ ತಗಂಡೆ?”

ಚಿಕ್ಕಪ್ಪ ಒಲೆ ಹಚ್ಚಲು ಒಳಗೆ ಓಡಿದ. ಅವನು ಒಲೆ ಹಚ್ಚಿದ್ದನ್ನು ನಮ್ಮ ಮನೆ ಮೊದಲ ಸಲ ನೋಡಿದ್ದು ಅವತ್ತು. ಆದರೆ ಬಾಕಿ ಬೇಳೆ ಹಿತುಕಿ ಮುಗಿದದ್ದು ಮೂರು ಗಂಟೆಗೆ, ಅವನು ಉಂಡದ್ದು ನಾಲ್ಕಕ್ಕೆ. ಆ ಲೆಕ್ಕವನ್ನು ಯಾರೂ ಮಾಡಲಿಲ್ಲ.

ಈ ಕಥೆಯನ್ನು ನಾನು ಎಷ್ಟು ಕ್ಲಾಸುಗಳಿಗೆ ಹೇಳಿದ್ದೇನೋ. ಹಾಸನದ ಸ್ಕೂಲಿನಲ್ಲಿ ನನ್ನ ಕೈಯಲ್ಲಿ ಕಲಿತವರೆಲ್ಲ ನಲವತ್ತು, ಅರವತ್ತು, ಇಪ್ಪತ್ತನಾಲ್ಕನ್ನು ಬಾಯಿಪಾಠ ಬಲ್ಲರು. ಅಜ್ಜಿಯ ಬೆರಳಿನ ವಿಷಯ ಮಾತ್ರ ಹೇಳುವುದಿಲ್ಲ, ಅದು ಪಠ್ಯದಲ್ಲಿಲ್ಲ.

ಕಳೆದ ಅವರೆ ಕಾಲದಲ್ಲಿ ಇಬ್ಬರು ಅತ್ತೆಯರೂ ಹಾಸನಕ್ಕೆ ನಮ್ಮ ಮನೆಗೆ ಬಂದಿದ್ದರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಸೋಫಾ ಬಿಟ್ಟು ನೆಲದ ಮೇಲೆ ಪೇಪರ್ ಹಾಸಿಕೊಂಡು ಹಿತುಕುತ್ತಿದ್ದರು, ಇಬ್ಬರಿಗೂ ಬೇರೆಬೇರೆ ಬೋಗುಣಿ. ನನಗೆ ಸುಮ್ಮನಿರಲಾಗದೆ, ನೋಡಿ ಅತ್ತೆ, ನಿಮ್ಮನ್ನು ಒಂದು ಮಾಡಿದ್ದು ನನ್ನ ಇಪ್ಪತ್ತನಾಲ್ಕು ಎಂದು ಹಳೆಯದನ್ನೆಲ್ಲ ಮತ್ತೆ ಬಿಚ್ಚಿದೆ.

“ಅದೆಲ್ಲಾ ಸರಿ ಕಣಮ್ಮಿ” ಎಂದಳು ಪಟ್ಟಣದತ್ತೆ, ತಲೆಯೆತ್ತದೆ. “ಲೆಕ್ಕ ಮೊದ್ಲೇ ತಪ್ಪಿತ್ತಲ್ಲ.”

“ಎಲ್ಲಿ ತಪ್ಪಿತ್ತು?”

“ಇವ್ಳು ಆರು ಪಾವು ಎಲ್ಲಿ ಇತ್ಕಿದ್ಲು? ಇತ್ಕಿದ್ದು ಐದು. ಒಂದ್ ಪಾವು ನನ್ ಬೋಗುಣಿಯಿಂದ ಎತ್ತಿ ಆಕ್ಕಂಡ್ಲು. ನೀನು ಗಡಿಯಾರ ನೋಡ್ತಿದ್ದೆ, ಇವ್ಳು ನಿನ್ನ ನೋಡ್ತಿದ್ಲು.”

ನಾನು ಕೊಣನೂರತ್ತೆಯ ಕಡೆ ತಿರುಗಿದೆ. ಅವಳಿಗೆ ಆ ಕ್ಷಣಕ್ಕೆ ಸರಿಯಾಗಿ ಕಿವಿ ಮಂದವಾಗಿತ್ತು. ತಲೆಬಾಗಿಲಲ್ಲಿ ಬಾಯಿ ತೆರೆದು ಮುಚ್ಚಿಕೊಂಡದ್ದು ಗರ್ವವಲ್ಲ ಎಂದು ಮೂವತ್ತು ವರ್ಷದ ಮೇಲೆ ನನಗೆ ತಿಳಿಯಿತು. ಅವತ್ತೇ ಯಾಕೆ ಹೇಳಲಿಲ್ಲ ಎಂದು ಪಟ್ಟಣದತ್ತೆಯನ್ನು ಕೇಳಿದೆ.

“ಪಾವು ಬೇಳೆಗೆ ಎಲ್ಲಾರ ಮುಂದೆ ಅಕ್ಕನ್ನ ಕಳ್ಳಿ ಅನ್ನಕಾಯ್ತದಾ? ಎತ್ಕಂಡಿದ್ದಕ್ಕಲ್ಲ ನಾನು ಎದ್ದೋಗಿದ್ದು. ಬೇಳೆ ಕಳ್ಕಂಡೋಳೂ ನಾನೇ, ಕೆಲ್ಸ ಕೆಡುಸ್ದೋಳೂ ನಾನೇ ಅಂತ ಬರ್ಕಂಡ್ ಬಂದು ಓದ್ದೆಯಲ್ಲ, ಅದಕ್ಕೆ.”

ನನಗೆ ನಿಜಕ್ಕೂ ಗಾಬರಿಯಾಯಿತು. ಮೂಲದ ಅಳತೆಯೇ ಸುಳ್ಳು. ಎಷ್ಟು ವರ್ಷ, ಎಷ್ಟು ಮಕ್ಕಳಿಗೆ ಕದ್ದ ಬೇಳೆಯ ಲೆಕ್ಕ ಹೇಳಿಕೊಟ್ಟೆ! ಅವರೆ ಸಿಪ್ಪೆ ಹರಡಿದ್ದ ಪೇಪರಿನ ಅಂಚಿನಲ್ಲೇ ಹೊಸದಾಗಿ ಬರೆದೆ. ಗಂಟೆಗೆ ಇವಳದೂ ಐದು ಪಾವು, ಅವಳದೂ ಐದು. ಹಾಗಾದರೆ ಒಂದು ಸೇರಿಗೆ ನಲವತ್ತೂ ಇಲ್ಲ, ಅರವತ್ತೂ ಇಲ್ಲ, ಇಬ್ಬರಿಗೂ ನಲವತ್ತೆಂಟು ನಿಮಿಷ. ಇಬ್ಬರೂ ಸೇರಿದರೆ ಗಂಟೆಗೆ ಹತ್ತು ಪಾವು. ಹತ್ತು ಪಾವಿಗೆ ಅರವತ್ತು ನಿಮಿಷವಾದರೆ ನಾಲ್ಕು ಪಾವಿಗೆ?

ಇಪ್ಪತ್ತನಾಲ್ಕು.

ಎರಡು ಸಲ ಮಾಡಿ ನೋಡಿದೆ. ಕದ್ದರೂ ಇಪ್ಪತ್ತನಾಲ್ಕು, ಕದಿಯದಿದ್ದರೂ ಇಪ್ಪತ್ತನಾಲ್ಕು. ಅತ್ತೆ, ಅದೇ ಬಂತು, ಅದೇ ಬಂತು ಎಂದು ಪೇಪರು ಎತ್ತಿ ತೋರಿಸಿದೆ. ಸಿಪ್ಪೆಯೆಲ್ಲ ನೆಲಕ್ಕೆ ಬಿತ್ತು. ಇಬ್ಬರೂ ನನ್ನನ್ನು ನೋಡಿದ ನೋಟದಲ್ಲಿ, ಇವಳಿಗೆ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆಯಿತ್ತು.

“ಅದೇ ಬರ್ದೆ ಇನ್ನೇನ್ ಬತ್ತದೆ?” ಎಂದಳು ಕೊಣನೂರತ್ತೆ. ಕಿವಿ ಮತ್ತೆ ಚೆನ್ನಾಗಿ ಕೇಳಿಸುತ್ತಿತ್ತು. “ನನ್ ಬೋಗುಣಿ ಬಿಟ್ರೆ ಅವ್ಳ ಬೋಗುಣಿ. ಬೇಳೆ ಮನೆ ಬಿಟ್ಟು ಎಲ್ಲಿಗೋಯ್ತದೆ?”

ಹಾಗೆನ್ನುತ್ತಲೇ ಅವಳ ಕೈ ತಂಗಿಯ ಬೋಗುಣಿಗೆ ಹೋಗಿ ಒಂದು ಹಿಡಿ ಬೇಳೆಯೊಡನೆ ವಾಪಸಾಯಿತು. ಪಟ್ಟಣದತ್ತೆ ನೋಡಿದಳು. ನಾನು ನೋಡಿದ್ದನ್ನೂ ನೋಡಿದಳು.

“ನೀನು ಗಡಿಯಾರ ನೋಡ್ಕೋ ಓಗಮ್ಮಿ” ಎಂದಳು.

ಇಷ್ಟೆಲ್ಲ ನೆನಪಾಗುವ ಹೊತ್ತಿಗೆ ಕಾಫಿ ಆರಿತ್ತು. ಆ ಹುಡುಗಿಯ ಪತ್ರಿಕೆ ಇನ್ನೂ ನನ್ನ ಮುಂದೆಯೇ ಇತ್ತು. ಸರಿಯಾದ ವಿಧಾನವನ್ನು ಪಕ್ಕದಲ್ಲಿ ಬರೆದೆ. ಮೂರು ಅಂಕಕ್ಕೆ ಸೊನ್ನೆ ಕೊಟ್ಟೆ, ಕೊಡದೆ ವಿಧಿಯಿಲ್ಲ. ಕೆಂಪು ಪೆನ್ನಿನ ಮುಚ್ಚಳ ಹಾಕಿದವಳು ಮತ್ತೆ ತೆಗೆದು, ಅವಳು ಎಳೆದ ಎರಡು ಗೆರೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ:

ಈ ಉತ್ತರವನ್ನು ಮನೆಯಲ್ಲಿ ಯಾರಿಗೂ ಓದಿ ಹೇಳಬೇಡ.